ಮಗ ಸತ್ತ ಮೇಲೂ ಸುಗಲಾ ದೇವಿ ಯಾಕೆ ಯುದ್ಧ ನಿಲ್ಲಿಸಲಿಲ್ಲ?

ಪ್ರಶ್ನೆ: ಹೋದ ತಿಂಗಳು ಮನೆಯವರೆಲ್ಲ ಶ್ರೀಲಂಕಾಕ್ಕೆ ಹೋಗಿದ್ವಿ. ಹಳೆ ರಾಜಧಾನಿ ಪೊಲೊನ್ನರುವದಲ್ಲಿ ಎಲ್ಲಿ ನೋಡಿದರೂ ಪರಾಕ್ರಮಬಾಹು ರಾಜನ ಹೆಸರೇ. ಈ ರಾಜನಿಗೆ ಬಗ್ಗದೆ ನಿಂತವಳು ದಕ್ಷಿಣದ ರುಹುಣ ಸೀಮೆಯ ಒಬ್ಬ ರಾಣಿ, ಅವನ ಚಿಕ್ಕಮ್ಮನೇ, ಹೆಸರು ಸುಗಲಾ ಅಂತ ಗೈಡ್ ಹೇಳಿದರು. ಅವಳ ಮಗ ಸತ್ತು, ಯುದ್ಧವೆಲ್ಲ ಮುಗಿದ ಮೇಲೆ ದಂಗೆ ಎದ್ದಳಂತೆ. ಯಾಕೆ? ಬರೀ ಸೇಡಾ? ದೇಶ ಒಂದಾಗುವಾಗ ಅಡ್ಡ ಬಂದವಳು ಅಂತ ಅವಳನ್ನು ಕರೆಯೋದು ಸರಿಯಾ?

ಉತ್ತರ: ಸೇಡು ಇದ್ದೇ ಇರುತ್ತದೆ. ಹೆತ್ತ ಮಗ ಸೋತು ಸತ್ತಿದ್ದಾನೆ, ಸೋಲಿಸಿದವನು ಮನೆಯ ಹುಡುಗ. ಆದರೆ ಸೇಡೊಂದನ್ನೇ ನಂಬಿಕೊಂಡು ಒಂದು ಇಡೀ ಸೀಮೆಯ ಜನ ವರ್ಷಗಟ್ಟಲೆ ಕಾಡಿನಲ್ಲಿ ಹೊಡೆದಾಡುವುದಿಲ್ಲ. ಸುಗಲಾ ಹತ್ತಿರ ಎರಡು ವಸ್ತುಗಳಿದ್ದವು. ಬುದ್ಧನ ಹಲ್ಲು, ಬುದ್ಧನ ಭಿಕ್ಷಾಪಾತ್ರೆ. ಪೊಲೊನ್ನರುವದ ಸಿಂಹಾಸನ, ಕಿರೀಟ, ಸೈನ್ಯ ಎಲ್ಲವೂ ಇದ್ದ ಪರಾಕ್ರಮಬಾಹು ಹತ್ತಿರ ಅವೆರಡು ಇರಲಿಲ್ಲ. ಈ ಯುದ್ಧದ ಕೀಲಿಕೈ ಅಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಮನೆಯ ಸಂಬಂಧ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಅಪ್ಪಟ ದಾಯಾದಿ ಜಗಳ.

ಶುರು ಮಾಡಬೇಕಾದದ್ದು ಒಂದನೇ ವಿಜಯಬಾಹುವಿನಿಂದ. ಚೋಳರು ಸುಮಾರು ಮುಕ್ಕಾಲು ಶತಮಾನ ಲಂಕೆಯ ಉತ್ತರ ಭಾಗವನ್ನು ಆಳಿದ್ದರು. 1070ರಲ್ಲಿ ಅವರನ್ನು ಪೊಲೊನ್ನರುವದಿಂದ ಓಡಿಸಿದವನು ಇವನು. ಹೊರಟಿದ್ದು ಎಲ್ಲಿಂದ ಅಂದ್ರೆ ಇದೇ ರುಹುಣದಿಂದ. (ನಮಗೂ ಇವನಿಗೂ ಒಂದು ಕೊಂಡಿ ಇದೆ. ಇವನು ಕನ್ನಡ ದೊರೆಗೆ, ಅಂದರೆ ಕಲ್ಯಾಣದ ಚಾಲುಕ್ಯರ ಆಸ್ಥಾನಕ್ಕೆ, ಕಾಣಿಕೆ ಕೊಟ್ಟು ದೂತರನ್ನು ಕಳಿಸಿದ್ದ. ಆಗ ಅಲ್ಲಿ ಆಳುತ್ತಿದ್ದವನು ಆರನೇ ವಿಕ್ರಮಾದಿತ್ಯ. ಚೋಳರಿಗೆ ಚಾಲುಕ್ಯರೂ ಶತ್ರು, ಸಿಂಹಳರೂ ಶತ್ರು, ಹಾಗಾಗಿ ಈ ಸ್ನೇಹ. ದೂತರು ಚೋಳ ನಾಡು ದಾಟುವಾಗ ಚೋಳರು ಅವರ ಮೂಗು ಕಿವಿ ಕೊಯ್ದರು ಅಂತ ಚೂಳವಂಸ ಹೇಳುತ್ತದೆ. ಚೂಳವಂಸ ಅಂದರೆ ಪಾಲಿ ಭಾಷೆಯಲ್ಲಿರುವ ಲಂಕೆಯ ರಾಜರ ಕಥೆ. ನಾನು ಕೆಳಗೆ ಹೇಳುವ ಬಹುಪಾಲು ವಿಷಯ ಅದರಿಂದಲೇ ಬಂದಿದ್ದು.)

ವಿಜಯಬಾಹು 1110ರಲ್ಲಿ ತೀರಿಕೊಂಡ. ಅವನ ತಂಗಿ ಮಿತ್ತಾಳನ್ನು ಪಾಂಡ್ಯ ರಾಜಕುಮಾರನಿಗೆ ಕೊಟ್ಟಿದ್ದರು. ಅವಳಿಗೆ ಮೂರು ಗಂಡು ಮಕ್ಕಳು: ಮಾನಾಭರಣ, ಕಿತ್ತಿಸಿರಿಮೇಘ, ಸಿರಿವಲ್ಲಭ. ವಿಜಯಬಾಹುವಿನ ಸ್ವಂತ ಮಗ ವಿಕ್ರಮಬಾಹು ಪೊಲೊನ್ನರುವ ಇಟ್ಟುಕೊಂಡ. ಈ ಮೂವರು ಅಣ್ಣತಮ್ಮಂದಿರು ಉಳಿದ ದೇಶವನ್ನು ಹಂಚಿಕೊಂಡರು. ದೊಡ್ಡವನಿಗೆ ದಕ್ಷಿಣದೇಶ. ಅದು ಹೆಸರಿಗೆ ದಕ್ಷಿಣ, ನಿಜಕ್ಕೂ ದ್ವೀಪದ ಪಶ್ಚಿಮ ಭಾಗ. ಮಧ್ಯದವನಿಗೆ ರುಹುಣದ ಒಂದು ಪಾಲು, ಹನ್ನೆರಡು ಸಾವಿರ ಅನ್ನುವ ನಾಡು. ಕಿರಿಯವನಿಗೆ ರುಹುಣದ್ದೇ ಇನ್ನೊಂದು ಪಾಲು, ಎಂಟು ಸಾವಿರ. ನಮ್ಮಲ್ಲಿ ಬನವಾಸಿ ಪನ್ನಿರ್ಛಾಸಿರ, ಗಂಗವಾಡಿ ತೊಂಬತ್ತಾರು ಸಾವಿರ ಅಂತಿದ್ದರಲ್ಲ, ಹಾಗೇ.

ದೊಡ್ಡವನ ಮಗ ಪರಾಕ್ರಮಬಾಹು. ಕಿರಿಯವನಾದ ಸಿರಿವಲ್ಲಭನ ಹೆಂಡತಿ ಸುಗಲಾ. ಹಾಗಾಗಿ ನಿಮ್ಮ ಗೈಡ್ ಹೇಳಿದ್ದು ಸರಿ, ಚಿಕ್ಕಮ್ಮನೇ. ಇನ್ನೊಂದು ಲೆಕ್ಕವೂ ಇದೆ. ಪರಾಕ್ರಮಬಾಹುವಿನ ತಾಯಿ ರತ್ನಾವಳಿ ವಿಜಯಬಾಹುವಿನ ಮಗಳು. ಸುಗಲಾಳ ತಾಯಿ ಯಶೋಧರಾ ಕೂಡ ವಿಜಯಬಾಹುವಿನ ಮಗಳೇ, ಬೇರೆ ರಾಣಿಯ ಹೊಟ್ಟೆಯಲ್ಲಿ ಹುಟ್ಟಿದವಳು. ಅಂದರೆ ಇಬ್ಬರೂ ಒಬ್ಬನೇ ಅಜ್ಜನ ಮೊಮ್ಮಕ್ಕಳು. ಚೋಳರನ್ನು ಓಡಿಸಿದವನ ರಕ್ತ ಅವನಲ್ಲಿ ಎಷ್ಟಿತ್ತೋ ಇವಳಲ್ಲೂ ಅಷ್ಟೇ ಇತ್ತು. ಇವಳನ್ನು ಯಾರೋ ಹಳ್ಳಿಗಾಡಿನ ಪಾಳೆಯಗಾರನ ಹೆಂಡತಿ ಅಂತ ಕಲ್ಪಿಸಿಕೊಳ್ಳಬೇಡಿ.

ಇವಳ ತಾಯಿಯ ಕಡೆಯ ಕಥೆ ಇನ್ನೂ ಗಟ್ಟಿ. ಚೋಳರ ಕಾಲದಲ್ಲಿ ಅಯೋಧ್ಯೆ ಕಡೆಯಿಂದ ಬಂದ ಜಗತೀಪಾಲ ಅನ್ನುವವನು ರುಹುಣವನ್ನು 4 ವರ್ಷ ಆಳಿದ. ಚೋಳರು ಅವನನ್ನು ಕೊಂದು, ಅವನ ಹೆಂಡತಿ ಮತ್ತು ಮಗಳನ್ನು ಸೆರೆ ಹಿಡಿದು ಚೋಳ ನಾಡಿಗೆ ಸಾಗಿಸಿದರು. ಆ ತಾಯಿ ಮಗಳು ಅಲ್ಲಿಂದ ತಪ್ಪಿಸಿಕೊಂಡು ಸಮುದ್ರ ದಾಟಿ ಲಂಕೆಗೆ ವಾಪಸ್ ಬಂದರು! ಆ ಮಗಳು ಲೀಲಾವತಿಯನ್ನು ವಿಜಯಬಾಹು ಮದುವೆಯಾದ. ಅವರ ಮಗಳು ಯಶೋಧರಾ, ಯಶೋಧರಾಳ ಮಗಳು ಸುಗಲಾ. ಶತ್ರುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಹೆಂಗಸಿನ ಮೊಮ್ಮಗಳು ಇವಳು. ಅಜ್ಜಿಯ ಈ ಕಥೆ ಕೇಳದೆ ಯಾವ ಮೊಮ್ಮಗಳೂ ಬೆಳೆಯುವುದಿಲ್ಲ, ಅಲ್ವಾ?

ಈಗ ನನಗೆ ತುಂಬಾ ಕಾಡುವ ವಿಷಯಕ್ಕೆ ಬರುತ್ತೇನೆ. ಪರಾಕ್ರಮಬಾಹು ಸಣ್ಣವನಿದ್ದಾಗ ಅಪ್ಪ ತೀರಿಕೊಂಡ. ಮಧ್ಯದ ಚಿಕ್ಕಪ್ಪ ಕಿತ್ತಿಸಿರಿಮೇಘ ದಕ್ಷಿಣದೇಶಕ್ಕೆ ಹೋದ, ಇಡೀ ರುಹುಣ ಸಿರಿವಲ್ಲಭನ ಪಾಲಿಗೆ ಬಂತು. ಆಗ ವಿಧವೆ ರತ್ನಾವಳಿ, ಅವಳ ಇಬ್ಬರು ಹೆಣ್ಣುಮಕ್ಕಳು, ಈ ಹುಡುಗ, ಎಲ್ಲರನ್ನೂ ಸಿರಿವಲ್ಲಭ ತನ್ನ ಜೊತೆ ಮಹಾನಾಗಹುಲಕ್ಕೆ ಕರೆದುಕೊಂಡು ಹೋದ. ಅದು ವಳವೆ ನದಿ ಕಡೆ ಇದ್ದ ರುಹುಣದ ರಾಜಧಾನಿ. ಅಂದರೆ ಮುಂದೆ ಇಡೀ ದ್ವೀಪ ಆಳಿದ ಹುಡುಗ ಎಳವೆಯಲ್ಲಿ ಕೆಲವು ಕಾಲ ಸುಗಲಾಳ ಮನೆಯಲ್ಲೇ ಬೆಳೆದ, ಅವಳ ಮಗನ ಜೊತೆಯಲ್ಲೇ ಇದ್ದ. ಆ ಮಗನ ಹೆಸರೂ ಮಾನಾಭರಣ, ದೊಡ್ಡಪ್ಪನ ಹೆಸರು.

ಆ ಮನೆಯಲ್ಲೇ ಮೊದಲ ಬಿರುಕು ಬಿಟ್ಟಿದ್ದು. ರತ್ನಾವಳಿಗೆ ತನ್ನ ದೊಡ್ಡ ಮಗಳು ಮಿತ್ತಾಳನ್ನು (ಅಜ್ಜಿಯ ಹೆಸರೇ) ಪೊಲೊನ್ನರುವದ ಗಜಬಾಹುವಿಗೆ, ಅಂದರೆ ವಿಕ್ರಮಬಾಹುವಿನ ಮಗನಿಗೆ, ಕೊಡುವ ಆಸೆ. ಸಿರಿವಲ್ಲಭ ಬಿಲ್ಕುಲ್ ಒಪ್ಪಲಿಲ್ಲ. ತನ್ನ ಮಗ ಮಾನಾಭರಣನಿಗೇ ಅವಳನ್ನು ಮದುವೆ ಮಾಡಿಸಿದ. ಮುಂದೆ ಎರಡನೇ ಮಗಳೂ ಅವನಿಗೇ ಹೋದಳು. ನಮ್ಮ ಕಡೆ ಲೆಕ್ಕದಲ್ಲಿ ದೊಡ್ಡಪ್ಪನ ಮಗಳು ಅಕ್ಕ-ತಂಗಿ ಆಗಬೇಕು, ಓದುವಾಗ ನಮಗೆ ಇರುಸುಮುರುಸಾಗುತ್ತದೆ. ಅಲ್ಲಿನ ರಾಜಮನೆತನದಲ್ಲಿ ಮಾತ್ರ ಹಕ್ಕು ಹೊರಗೆ ಹೋಗಬಾರದು ಅನ್ನುವುದೇ ಮುಖ್ಯವಾಗಿತ್ತು. ಗಂಡನ ತಮ್ಮನ ಮನೆಯಲ್ಲಿ ಆಶ್ರಯ ಪಡೆದ ಅತ್ತಿಗೆಯ ಮಾತು ನಡೆಯಲಿಲ್ಲ. ಹುಡುಗ ಪರಾಕ್ರಮಬಾಹು ಆಮೇಲೆ ರುಹುಣ ಬಿಟ್ಟು ದಕ್ಷಿಣದೇಶದ ಚಿಕ್ಕಪ್ಪನ ಹತ್ತಿರ ಹೋದ, ಅವನ ವಾರಸುದಾರನಾದ.

ಮುಂದಿನದನ್ನು ಬೇಗ ಹೇಳುತ್ತೇನೆ. ಪರಾಕ್ರಮಬಾಹು ಗಜಬಾಹುವಿನ ಮೇಲೆ ಯುದ್ಧಕ್ಕೆ ಹೋದ, ಪೊಲೊನ್ನರುವ ಹಿಡಿದ. ಅಷ್ಟರಲ್ಲಿ ರುಹುಣದಿಂದ ಮಾನಾಭರಣ ಬಂದು ನಡುವೆ ಕೈ ಹಾಕಿದ. ಮೂರು ಕಡೆಯ ಜಗ್ಗಾಟ. ಊರು ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. 1153ರಲ್ಲಿ ಗಜಬಾಹು ತೀರಿಕೊಂಡ, ಸಾಯುವ ಮುಂಚೆ ರಾಜ್ಯ ಪರಾಕ್ರಮಬಾಹುವಿಗೆ ಅಂತ ಕಲ್ಲಿನಲ್ಲಿ ಬರೆಸಿದ್ದ. ಮಾನಾಭರಣ ಒಪ್ಪದೆ ಮತ್ತೆ ಹೊಡೆದಾಡಿದ, ಸೋತ, ರುಹುಣಕ್ಕೆ ಓಡಿಬಂದು ಕಾಯಿಲೆ ಬಿದ್ದು ಸತ್ತ.

ಅವನ ಸಾವಿನ ಹಾಸಿಗೆಯ ದೃಶ್ಯ ಚೂಳವಂಸದಲ್ಲಿದೆ. ಮಗನನ್ನು, ಮಂತ್ರಿಗಳನ್ನು ಹತ್ತಿರ ಕರೆದು ಹೇಳುತ್ತಾನೆ: ದೇವರ ಪಾಲಿನ ಆಸ್ತಿ, ದಂತಧಾತುವಿಗೆ (ಅದೇ ಬುದ್ಧನ ಹಲ್ಲಿಗೆ) ಭಕ್ತರು ಕೊಟ್ಟ ಆಸ್ತಿ ಕಿತ್ತುಕೊಂಡೆ, ಅದಕ್ಕೇ ಹಾಳಾದೆ, ನೀವು ನನ್ನ ದಾರಿ ಹಿಡಿಯಬೇಡಿ, ಪರಾಕ್ರಮಬಾಹು ಹೇಳಿದ ಹಾಗೆ ಕೇಳಿಕೊಂಡಿರಿ. ಅವನು ನಿಜವಾಗಲೂ ಹೀಗೇ ಹೇಳಿದನಾ? ನಾನು ನಂಬುವುದಿಲ್ಲ. ಪುಸ್ತಕದ ಈ ಭಾಗ ಪರಾಕ್ರಮಬಾಹುವನ್ನು ಹೊಗಳುವುದಕ್ಕೆಂದೇ, ಅವನ ಕಾಲದ ನಂತರ ಬರೆದದ್ದು. ಸೋತವನ ಬಾಯಿಂದ ಗೆದ್ದವನ ಗುಣಗಾನ ಮಾಡಿಸುವುದು ಆಸ್ಥಾನದ ಬರಹಗಾರರಿಗೆ ರೂಢಿಯೇ. ಆದರೂ ಒಂದು ಮಾತು ಗಮನಿಸಿ. ಅಷ್ಟೆಲ್ಲ ಹೇಳಿಸಿದ ಮೇಲೂ ಅದೇ ಪುಸ್ತಕ ಮುಂದೆ ಒಪ್ಪಿಕೊಳ್ಳಲೇಬೇಕಾಯಿತು: ಅವನ ತಾಯಿ ಸುಗಲಾ ಅದನ್ನು ಕೇಳಲಿಲ್ಲ. ಅವಳಿಗೆ ಬುದ್ಧಿ ಸಾಲದು ಅಂತ ಒಂದು ಮಾತು ಸೇರಿಸಿ, ಆಮೇಲೆ ಅಧ್ಯಾಯಗಟ್ಟಲೆ ಅವಳ ಯುದ್ಧವನ್ನೇ ಬರೆಯುತ್ತದೆ. ಬುದ್ಧಿಯಿಲ್ಲದವಳ ಮೇಲೆ ಇಷ್ಟು ಸೇನಾಪತಿಗಳನ್ನು ಯಾಕೆ ಕಳಿಸಬೇಕಾಯಿತು?

ಈಗ ದಂತಧಾತುವಿಗೆ ಬರೋಣ. ನೀವು ಕ್ಯಾಂಡಿಗೂ ಹೋಗಿದ್ದರೆ ದಳದಾ ಮಾಳಿಗಾವ ನೋಡಿರುತ್ತೀರಿ. ಅಲ್ಲಿರುವ ಹಲ್ಲಿನ ಧಾತುವೇ ಇದು. ಸಿಂಹಳ ರಾಜರಿಗೆ ಅದು ಬರೀ ಪೂಜೆಯ ವಸ್ತು ಆಗಿರಲಿಲ್ಲ. ಅದು ಯಾರ ಹತ್ತಿರ ಇದೆಯೋ ಅವರೇ ಹಕ್ಕಿನ ರಾಜ ಅಂತ ಜನ ನಂಬುತ್ತಿದ್ದರು. ವಿಜಯಬಾಹು ಅದಕ್ಕೆ ಪೊಲೊನ್ನರುವದಲ್ಲಿ ಗುಡಿ ಕಟ್ಟಿಸಿದ್ದ, ಅದರ ಕಾವಲಿಗೆ ವೇಳೈಕ್ಕಾರರು ಅನ್ನುವ ಕೂಲಿ ಸೈನಿಕರು ನಿಂತಿದ್ದರು. ಅವರು ಕೊಟ್ಟ ಮಾತು ತಮಿಳು ಶಾಸನವಾಗಿ ಇವತ್ತೂ ಅಲ್ಲೇ ನಿಂತಿದೆ, ನೀವು ಅದರ ಪಕ್ಕವೇ ಹಾದು ಹೋಗಿರಬೇಕು.

ಹಾಗಾದರೆ ಧಾತು ರುಹುಣಕ್ಕೆ ಹೇಗೆ ಬಂತು? ಸುಗಲಾ ಕದ್ದಳಾ? ಇಲ್ಲ. ವಿಜಯಬಾಹುವಿನ ಮಗ ವಿಕ್ರಮಬಾಹು (ಆಳಿದ್ದು 1111ರಿಂದ 1132) ವಿಹಾರಗಳ ಭೂಮಿ ಕಿತ್ತುಕೊಂಡು ತನ್ನ ಸೈನಿಕರಿಗೆ ಕೊಟ್ಟ, ಗುಡಿಗಳಲ್ಲಿ ಸೈನಿಕರನ್ನು ಇರಿಸಿದ. ಬೇಸತ್ತ ಭಿಕ್ಷುಗಳು ಹಲ್ಲನ್ನೂ ಪಾತ್ರೆಯನ್ನೂ ತೆಗೆದುಕೊಂಡು ರುಹುಣಕ್ಕೆ ಬಂದುಬಿಟ್ಟರು. ಅಂದರೆ ಸುಗಲಾಳ ಯುದ್ಧದ ಹೊತ್ತಿಗೆ ಅವು ಅಲ್ಲಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ರುಹುಣದವರ ಕಣ್ಣಲ್ಲಿ ನೋಡಿ. ಉತ್ತರದ ರಾಜನಿಂದ ಧಾತುವನ್ನು ಉಳಿಸಿದ್ದು ನಾವು. ಈಗ ಉತ್ತರದ ಹೊಸ ರಾಜ ಬಂದು ಕೊಡಿ ಅನ್ನುತ್ತಾನೆ. ಯಾಕೆ ಕೊಡಬೇಕು?

ಇದು ಗೊತ್ತಿದ್ದರೆ ಅವಳ ಹಟ ಅರ್ಥವಾಗುತ್ತದೆ. ಮಗ ಹೋದ. ಆದರೆ ಅಜ್ಜನ ರಕ್ತ ಇದೆ, ಅಜ್ಜ ಹೊರಟ ನೆಲ ಇದೆ, ರಾಜತ್ವದ ಗುರುತು ಕೈಯಲ್ಲಿದೆ. ಪರಾಕ್ರಮಬಾಹು ಪಟ್ಟ ಕಟ್ಟಿಕೊಂಡಿದ್ದ, ಮಾನಾಭರಣ ಸತ್ತ ಮೇಲೆ ಎರಡನೇ ಸಲವೂ ಕಟ್ಟಿಕೊಂಡ. ಎರಡು ಸಲ ಪಟ್ಟಾಭಿಷೇಕ ಆದರೂ ಧಾತು ಕೈಗೆ ಬರದೆ ಅವನಿಗೆ ಸಮಾಧಾನ ಇರಲಿಲ್ಲ. ಸುಗಲಾಳ ಕಡೆಯವರು ಸೋತರೆ ಧಾತುಗಳನ್ನು ಹಡಗಿಗೆ ಹಾಕಿಕೊಂಡು ಸಮುದ್ರ ದಾಟಿಬಿಡುತ್ತಾರೆ ಅನ್ನುವ ಸುದ್ದಿ ಬಂದಾಗ ಅವನು ಎಷ್ಟು ಕಂಗಾಲಾದ ಅನ್ನುವುದನ್ನು ಚೂಳವಂಸವೇ ಬರೆದಿದೆ. ಧಾತು ಹೊರಗೆ ಹೋದರೆ ಲಂಕೆಯೇ ಬರಿದಾದ ಹಾಗೆ, ಮೊದಲು ಅವನ್ನು ಹಿಡಿದು ಕಳಿಸಿ ಅಂತ ಸೇನಾಪತಿಗಳಿಗೆ ಹೇಳಿ ಕಳಿಸಿದ. ರಾಣಿಯನ್ನು ಹಿಡಿಯುವ ಮಾತು ಆಮೇಲೆ.

ಯುದ್ಧ ನಡೆದದ್ದು 1150ರ ದಶಕದ ಕೊನೆಯ ವರ್ಷಗಳಲ್ಲಿ. ಸುಗಲಾಳ ನೆಲೆ ಉದುಂದೊರ. ಇವತ್ತಿನ ಮೊನರಾಗಲ ಹತ್ತಿರದ ಗಲಬೆದ್ದ ಅನ್ನುವ ಜಾಗವೇ ಅದು ಅಂತ ಗುರುತಿಸಿದ್ದಾರೆ. ಅವಳ ಗಂಡನಿಗೆ ಮೊದಲು ಪಾಲಿಗೆ ಬಂದಿದ್ದ ಎಂಟು ಸಾವಿರ ನಾಡಿನ ರಾಜಧಾನಿ, ಬಹುಶಃ ಅವಳು ಮದುವೆಯಾಗಿ ಬಂದ ಊರು. ಸುತ್ತ ಬೆಟ್ಟ, ಕಾಡು.  ಪೊಲೊನ್ನರುವದ ಸೈನ್ಯಕ್ಕೆ ಇಲ್ಲಿ ಬಯಲು ಯುದ್ಧದ ಆಟ ನಡೆಯಲಿಲ್ಲ. ರುಹುಣದವರು ಮರ ಕಡಿದು ದಾರಿಗೆ ಅಡ್ಡ ಬೀಳಿಸಿದರು, ಮುಳ್ಳಿನ ಬೇಲಿ ಹಾಕಿದರು, ಕಂದಕ ತೋಡಿದರು, ಒಂದು ಕೋಟೆ ಬಿದ್ದರೆ ಹಿಂದಿನ ಇನ್ನೊಂದಕ್ಕೆ ಸರಿದು ಮತ್ತೆ ನಿಂತರು.

ಮೊದಲು ಬಂದ ದೊಡ್ಡ ಸೇನಾಪತಿ ರಕ್ಖ. ಅವನು ಗೆಲ್ಲುತ್ತಾ ಒಳಗೆ ಬಂದ, ಆದರೆ ಗೆದ್ದ ಜಾಗ ಹಿಂದೆ ಮತ್ತೆ ದಂಗೆ ಏಳುತ್ತಿತ್ತು. ಕೊನೆಗೆ ಅವನನ್ನು ಮುಗಿಸಿದ್ದು ಕತ್ತಿಯಲ್ಲ, ಭೇದಿ. ಕಾಡಿನ ದಂಡಿನಲ್ಲಿ ಕಾಯಿಲೆ ಬಿದ್ದು ಅಲ್ಲೇ ತೀರಿಕೊಂಡ. ಈ ಒಂದು ಸಾಲು ಓದಿದಾಗಲೇ ನನಗೆ ಆ ಯುದ್ಧ ಕಣ್ಣಿಗೆ ಕಂಡಿದ್ದು. ತಿಂಗಳುಗಟ್ಟಲೆ ಕಾಡಲ್ಲಿ ಬೀಡು ಬಿಟ್ಟ ಸೈನ್ಯ, ಹಾಳು ನೀರು, ಮುಂದೆ ಹೋದರೆ ಮುಳ್ಳುಬೇಲಿ, ಹಿಂದೆ ನೋಡಿದರೆ ಬಿಟ್ಟುಬಂದ ಊರಲ್ಲಿ ಮತ್ತೆ ದಂಗೆ. ರಾಜ ಅವನ ಜಾಗಕ್ಕೆ ಭೂತ ಅನ್ನುವವನನ್ನು ಹಾಕಿದ, ಇನ್ನಷ್ಟು ಸೈನ್ಯ ಕಳಿಸಿದ.

ಕೊನೆಗೆ ಧಾತುಗಳು ಸಿಕ್ಕಿಬಿದ್ದವು. ಉದುಂದೊರ ಕೈಬಿಟ್ಟು ಅವುಗಳನ್ನು ಹೊತ್ತು ಹೊರಟಿದ್ದವರನ್ನು ರಾಜನ ಸೈನ್ಯ ಅಡ್ಡಗಟ್ಟಿತು. ದೊಡ್ಡ ಕಾದಾಟವಾಯಿತು. ಹಲ್ಲು, ಪಾತ್ರೆ ಎರಡೂ ಪೊಲೊನ್ನರುವಕ್ಕೆ ಹೋದವು. ರಾಜ ಸ್ನಾನ ಮಾಡಿ, ಊರಿಂದ ಹೊರಗೆ ಬಹಳ ದೂರ ಬಂದು ಅವನ್ನು ಎದುರುಗೊಂಡ. ಮೆರವಣಿಗೆ ಹೊತ್ತಿಗೆ ಅಕಾಲದಲ್ಲಿ ಮೋಡ ಕಟ್ಟಿ ಸುತ್ತಲೂ ಮಳೆ ಸುರಿದರೂ ಉತ್ಸವಕ್ಕೆ ಮಾತ್ರ ತೊಂದರೆ ಆಗಲಿಲ್ಲವಂತೆ. ಅವತ್ತು ಅವನು ತನ್ನನ್ನು ನಿಜವಾದ ರಾಜ ಅಂದುಕೊಂಡಿರಬೇಕು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನನ್ನ ಮಟ್ಟಿಗೆ ಸುಗಲಾಳ ಗಟ್ಟಿತನ ಕಾಣುವುದು ಈ ಹಂತದಲ್ಲೇ. ಧಾತು ಹೋದ ಮೇಲೂ ಅವಳು ಸೋಲು ಒಪ್ಪಲಿಲ್ಲ, ಜನವೂ ಅವಳನ್ನು ಬಿಡಲಿಲ್ಲ. ಪೊಲೊನ್ನರುವದಲ್ಲಿ ಸಂಕೋಲೆ ಹಾಕಿ ಇಟ್ಟಿದ್ದ ಸೂಕರಭಾತು ಅನ್ನುವವನು ತಪ್ಪಿಸಿಕೊಂಡು ಬಂದು ರುಹುಣದವರನ್ನು ಸೇರಿಕೊಂಡ. ರಾಜ ಮಂಜು ಅನ್ನುವ ಇನ್ನೊಬ್ಬ ಸೇನಾಪತಿಯನ್ನು ಕಳಿಸಿದ. ಒಳನಾಡಿನ ಕಡೆಯಿಂದ ಒಂದು ದಂಡು, ದಕ್ಷಿಣದ ಕರಾವಳಿಯಲ್ಲಿ ಗಿಂತೊಟ, ವೆಲಿಗಾಮ, ದೊಂಡ್ರ ಕಡೆಯಿಂದ ಇನ್ನೊಂದು ದಂಡು. ಎರಡು ಕಡೆಯಿಂದ ಒತ್ತುತ್ತಾ ಬಂದು ಕೊನೆಗೆ ಅವಳನ್ನು ಜೀವಂತ ಹಿಡಿದರು, ಅವಳ ಸಂಪತ್ತನ್ನೂ ವಶ ಮಾಡಿಕೊಂಡರು.

ಆಮೇಲೆ ನಡೆದದ್ದನ್ನು ಮುಚ್ಚಿಡದೆ ಬರೆದದ್ದಕ್ಕೆ ಆ ಪುಸ್ತಕಕ್ಕೆ ಧನ್ಯವಾದ ಹೇಳಬೇಕು. ಹಳ್ಳಿ ಹಳ್ಳಿಯಲ್ಲಿ, ಪೇಟೆಗಳಲ್ಲಿ ದಂಗೆಯವರನ್ನು ಶೂಲಕ್ಕೆ ಹಾಕಿದರು. ನೇಣಿಗೆ ಹಾಕಿದರು. ಸುಟ್ಟರು. ಮಾಡಿಸಿದ್ದು ಕೆರೆ ಕಟ್ಟಿಸಿದ ಅದೇ ರಾಜ. ಒಂದು ಹನಿ ಮಳೆ ನೀರೂ ಸುಮ್ನೆ ಸಮುದ್ರ ಸೇರಬಾರದು ಅಂದವನು ಅಂತ ನಿಮ್ಮ ಗೈಡ್ ಹೇಳಿರುತ್ತಾರೆ. ಆ ಮಾತೂ ನಿಜ, ಪರಾಕ್ರಮ ಸಮುದ್ರ ಅನ್ನುವ ಆ ದೊಡ್ಡ ಕೆರೆಯ ನೀರಲ್ಲಿ ಇವತ್ತೂ ಗದ್ದೆ ಬೆಳೆಯುತ್ತಿದೆ. ಶೂಲಗಳೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಅವನನ್ನು ಓದಬೇಕು.

ಅವಳು ದೇಶ ಒಂದಾಗುವುದಕ್ಕೆ ಅಡ್ಡ ಬಂದಳಾ ಅಂತ ಕೇಳಿದ್ದೀರಿ. ಹಾಗೆ ಹೇಳುವುದು ಗೆದ್ದವನ ಭಾಷೆ. ಅವಳು ರಾಣಿಯಾಗಿ ಬಾಳಿದ ಕಾಲದಲ್ಲಿ ದೇಶ ಮೂರು ನಾಲ್ಕು ಪಾಲಾಗಿತ್ತು, ಅದೇ ಎಲ್ಲರಿಗೂ ರೂಢಿಯಾಗಿತ್ತು. ಪರಾಕ್ರಮಬಾಹು ಗೆದ್ದ, ಹಾಗಾಗಿ ಅವನದು ಒಗ್ಗೂಡಿಸುವ ಯುದ್ಧ, ಅವಳದು ದಂಗೆ ಆಯಿತು. ಮಾನಾಭರಣ ಗೆದ್ದಿದ್ದರೆ ಇದೇ ಕಥೆ ತಿರುಗಮುರುಗ ಆಗಿರುತ್ತಿತ್ತು. ಹಾಗಂತ ಅವಳನ್ನು ಸ್ವಾತಂತ್ರ್ಯ ಹೋರಾಟಗಾರ್ತಿ ಅಂತ ಕರೆಯುವುದೂ ನನಗೆ ಒಗ್ಗುವುದಿಲ್ಲ. ಎದುರಿಗಿದ್ದವನು ಪರದೇಶಿಯಲ್ಲ, ಒಂದು ಕಾಲಕ್ಕೆ ಅವಳದೇ ಮನೆಯಲ್ಲಿ ಉಂಡು ಬೆಳೆದ ಹುಡುಗ. ತನ್ನ ನೆಲ, ತನ್ನ ಹಕ್ಕು, ತನ್ನ ಕೈಗೆ ಬಂದ ಧಾತು, ಇವನ್ನು ಬಿಟ್ಟುಕೊಡಲು ಒಪ್ಪದ ಒಬ್ಬ ರಾಣಿ. ಅಷ್ಟು ಹೇಳಿದರೆ ಅವಳಿಗೆ ನ್ಯಾಯ ಆಗುತ್ತದೆ. ಇನ್ನೊಂದು ಮಾತು. ಅವಳನ್ನು ಹಿಡಿದ ಮೇಲೂ ರುಹುಣ ತಣ್ಣಗಾಗಲಿಲ್ಲ, ಕೆಲವೇ ವರ್ಷಗಳಲ್ಲಿ ಅಲ್ಲಿ ಮತ್ತೆ ದಂಗೆ ಎದ್ದಿತು. ಬರೀ ಒಬ್ಬ ತಾಯಿಯ ಸೇಡಾಗಿದ್ದರೆ ಹಾಗಾಗುತ್ತಿರಲಿಲ್ಲ.

ನೀವು ಕೇಳಿಲ್ಲ, ಆದರೂ ಅವಳ ಮಗಳ ವಿಷಯ ಹೇಳದೆ ಬಿಡಲಾರೆ. ಸುಗಲಾ ಮತ್ತು ಸಿರಿವಲ್ಲಭರಿಗೆ ಒಬ್ಬ ಮಗಳಿದ್ದಳು, ಲೀಲಾವತಿ. ಚೋಳರಿಂದ ತಪ್ಪಿಸಿಕೊಂಡು ಬಂದ ಮುತ್ತಜ್ಜಿಯ ಹೆಸರೇ ಅವಳಿಗೆ. ಅವಳನ್ನು ಮದುವೆಯಾದವನು ಪರಾಕ್ರಮಬಾಹು! ತಾಯಿಯನ್ನು ಸೆರೆ ಹಿಡಿದವನ ಪಟ್ಟದ ರಾಣಿ. ಆ ಅರಮನೆಯಲ್ಲಿ ಅವಳು ಹೇಗೆ ಬದುಕಿದಳೋ, ಅದನ್ನು ಯಾರೂ ಬರೆದಿಡಲಿಲ್ಲ. 1186ರಲ್ಲಿ ರಾಜ ತೀರಿಕೊಂಡ. ಸ್ವಲ್ಪ ಕಾಲದಲ್ಲೇ ಸಿಂಹಾಸನಕ್ಕೆ ಹೊಡೆದಾಟ ಶುರುವಾಯಿತು. ಕೊನೆಗೆ ಸೇನಾಪತಿಗಳು ಲೀಲಾವತಿಯನ್ನೇ ತಂದು ಕೂರಿಸಿದರು. 1197ರಿಂದ 1200, ಆಮೇಲೆ ಇಳಿಸಿದರು. 1209ರಲ್ಲಿ ಮತ್ತೆ ಕೂರಿಸಿದರು, ಮತ್ತೆ ಇಳಿಸಿದರು. 1211ರಲ್ಲಿ ಮೂರನೇ ಸಲ. ಅಮ್ಮ ಯಾವ ಊರಿಗೆ ಬಗ್ಗಲಿಲ್ಲವೋ ಆ ಊರಿನ ಸಿಂಹಾಸನದಲ್ಲಿ ಮಗಳು ಮೂರು ಸಲ ಕೂತಳು.

ಮುಂದಿನ ಸಲ ಹೋದರೆ ಎರಡು ಕೆಲಸ ಮಾಡಿ. ‘ಎಲ್ಲ’ ಅನ್ನುವ ಬೆಟ್ಟದ ಊರಿನ ಕಡೆಯಿಂದ ಯಾಲ ಕಾಡಿಗೆ ಹೋಗುವ ಪ್ರವಾಸಿಗರು ಬುತ್ತಲ ದಾಟಿ ಸುಮ್ನೆ ಕೆಳಗಿಳಿದುಬಿಡುತ್ತಾರೆ. ನೀವು ಹಾಗೆ ಮಾಡದೆ ಮೊನರಾಗಲ ಕಡೆ ತಿರುಗಿ, ಗಲಬೆದ್ದ ಎಲ್ಲಿ ಅಂತ ಕೇಳಿ. ಅರಮನೆಯ ತಳಪಾಯ, ಕಲ್ಲು ಕಟ್ಟಿದ ಸ್ನಾನದ ಕೊಳ ಇವತ್ತೂ ಇವೆ. ಊರಿನವರು ಸುಗಲಾ ದೇವಿಯ ಕೊಳ ಅಂತಲೇ ತೋರಿಸುತ್ತಾರೆ. ಎರಡನೆಯದು, ಹಳೆ ನಾಣ್ಯ ಇಟ್ಟಿರುವ ಮ್ಯೂಸಿಯಂ ಸಿಕ್ಕರೆ ಲೀಲಾವತಿಯ ತಾಮ್ರದ ನಾಣ್ಯ ಹುಡುಕಿ. ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಒಂದು ಮಗ್ಗುಲಲ್ಲಿ ನಿಂತ ಆಕೃತಿ, ಇನ್ನೊಂದು ಮಗ್ಗುಲಲ್ಲಿ ಕೂತ ಆಕೃತಿ, ಪಕ್ಕದಲ್ಲಿ ನಾಗರಿ ಅಕ್ಷರ. ಓದಲು ಬರುತ್ತದೆ, ಸ್ವಲ್ಪ ಬಗ್ಗಿ ನೋಡಿ. ರಾಣಿ ಅಂತ ಇಲ್ಲ. ‘ಶ್ರೀ ರಾಜ ಲೀಲಾವತಿ’ ಅಂತ ಇದೆ.